ಅಂಕಿ ಇಳಿಯುತ್ತಿತ್ತು, ನಾಳ ಒಡೆಯುತ್ತಿತ್ತು

ಸ್ತ್ರೀರೋಗ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಯಂತ್ರವಿತ್ತು, ಅದನ್ನು ನಡೆಸಬಲ್ಲವರೂ ಇದ್ದರು. ನೋವೆಂದು ನಾನು ಎರಡು ಸಲ ಫೋನ್ ಮಾಡಿದ್ದೆ. ಆದರೂ ಹೊಟ್ಟೆಯೊಳಗೆ ರಕ್ತ ತುಂಬುವವರೆಗೆ ಯಾರೂ ನನ್ನನ್ನು ಸ್ಕ್ಯಾನ್ ಮಾಡಲಿಲ್ಲ. ನನ್ನ ದೂರು ಇಷ್ಟೇ. ಎಲ್ಲವೂ ನಿಯಮದಂತೆಯೇ ನಡೆದಿದೆ ಎಂದು ನಿಮ್ಮ ಕಚೇರಿ ಸೌಜನ್ಯದಿಂದ ತಿಳಿಸಿದೆ. ಅದನ್ನು ನಾನು ಪೂರ್ತಿ ನಂಬುತ್ತೇನೆ. ನನ್ನ ಬೇಸರವೂ ಅದೇ.

ನಾನು ಗದಗದವಳು. ಗಂಡ ಚಿರಂತನನೊಂದಿಗೆ ಇಲ್ಲಿ ನೆದರ್‌ಲ್ಯಾಂಡ್ಸಿನ ಬೆಸ್ಟ್ ಊರಿನಲ್ಲಿದ್ದೇನೆ. ಬಹಳ ಕಾಲ ಕಾದ ಮೇಲೆ ಕಳೆದ ಚಳಿಗಾಲದಲ್ಲಿ ಗರ್ಭ ನಿಂತಿತು. ಮೊದಲ ಸ್ಕ್ಯಾನಿನಲ್ಲೇ ನಿಮ್ಮ ವೈದ್ಯೆ, ಗರ್ಭವು ಗರ್ಭಕೋಶದಲ್ಲಿಲ್ಲ, ಎಡಗಡೆಯ ಅಂಡನಾಳದಲ್ಲಿ ಕಚ್ಚಿಕೊಂಡಿದೆ ಎಂದರು. ಅದು ಉಳಿಯುವ ಗರ್ಭವಲ್ಲ; ಬೆಳೆದರೆ ನಾಳ ಒಡೆಯುತ್ತದೆ. ಇನ್ನೂ ಚಿಕ್ಕದಿರುವುದರಿಂದ ಆಪರೇಷನ್ ಬೇಡ, ಬೆಳವಣಿಗೆ ನಿಲ್ಲಿಸುವ ಇಂಜೆಕ್ಷನ್ ಕೊಡೋಣ, ನಾಳವೂ ಉಳಿಯಬಹುದು ಎಂದರು. ಆಕೆ ನನ್ನ ಕೈ ಹಿಡಿದುಕೊಂಡೇ ಇದನ್ನೆಲ್ಲ ಹೇಳಿದರು. ಆಕೆಯ ಮೇಲೆ ನನಗೆ ಯಾವ ದೂರೂ ಇಲ್ಲ.

ಅಲ್ಲಿಂದಾಚೆಗೆ ನಾನು ಹೆಂಗಸಲ್ಲ, ಒಂದು ಅಂಕಿಯಾದೆ. ರಕ್ತ ಕೊಡುವುದು, ಗರ್ಭದ ಹಾರ್ಮೋನ್ ಎಷ್ಟಿದೆಯೆಂದು ಫೋನಿನಲ್ಲಿ ಕೇಳುವುದು. ಅದು ಇಳಿದರೆ ಗರ್ಭ ಕರಗುತ್ತಿದೆ ಎಂದರ್ಥ. "ಚೆನ್ನಾಗಿ ಇಳಿಯುತ್ತಿದೆ" ಎಂದು ಪ್ರತಿ ಸಲ ಹೊಗಳುತ್ತಿದ್ದರು, ನಾನೇ ಏನೋ ಸಾಧಿಸಿದಂತೆ.

ಒಂದು ಶನಿವಾರ ಬೆಳಿಗ್ಗೆ ಹೊಟ್ಟೆಯ ಎಡಭಾಗ ಚುಚ್ಚತೊಡಗಿತು. ಫೋನ್ ಮಾಡಿದೆ. ಈ ಇಂಜೆಕ್ಷನ್ ಆದಮೇಲೆ ನೋವು ಸಹಜ, ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ ಎಂದರು. ಒಮ್ಮೆ ಸ್ಕ್ಯಾನ್ ಮಾಡಬಹುದೇ ಎಂದು ಕೇಳಿದೆ. ಅಂಕಿ ಇಳಿಯುವಾಗ ಅದರ ಅಗತ್ಯವಿಲ್ಲ ಎಂದರು. ಮಧ್ಯಾಹ್ನದ ಹೊತ್ತಿಗೆ ಬಲಭುಜವೂ ನೋಯತೊಡಗಿತು. ಮತ್ತೆ ಫೋನ್ ಮಾಡಿದೆ. "ಭುಜವೇ? ಮಲಗಿದ ಭಂಗಿಯಿಂದ ಇರಬಹುದು."

"ಅವ್ರಿಗೆ ಗೊತ್ತಿರ್ತೈತಿ ತಗೋ, ನಂಬರ್ ಇಳ್ಯಾಕತ್ತೈತಿ ಅಂದಾರಲ್ಲ" ಎಂದ ಚಿರಂತನ. ನನಗಿಂತ ತನಗೇ ಧೈರ್ಯ ಹೇಳಿಕೊಳ್ಳುತ್ತಿದ್ದ.

"ನಂಬರ್ ಇಳ್ದ್ರ ಇಳೀಲಿ. ನನಗ ಕುಂದ್ರಾಕ ಆಗವಲ್ದು" ಎಂದೆ.

ಅವನು ಕೂಡಲೇ ಪಕ್ಕದ ಬೀದಿಯಲ್ಲಿರುವ ಮೈಸೂರಿನ ಗೆಳತಿ ಊರ್ಮಿಳಾಗೆ ಫೋನ್ ಹಚ್ಚಿದ. ನಮಗೆ ಕಾರಿಲ್ಲ, ಆಕೆಗಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ, "ಎದ್ದು ನಿಲ್ಲೋಕಾಗತ್ತಾ ಅವಳಿಗೆ?" ಇಲ್ಲ ಎಂದದ್ದೇ ತಡ, "ಮತ್ತೆ ಫೋನ್ ಮಾಡ್ಕೊಂಡು ಯಾಕೆ ಕೂತಿದೀರ? ಬಾಗಿಲು ತೆಗೆದಿಡಿ, ಬಂದೆ" ಎಂದಳು.

ನಿಮ್ಮ ತುರ್ತು ವಿಭಾಗದ ಕೌಂಟರಿನಲ್ಲಿ, ಮೊದಲು ಫೋನ್ ಮಾಡಿ ಅನುಮತಿ ಪಡೆದಿದ್ದೀರಾ ಎಂದು ವಿಚಾರಿಸಿದರು. ನಾನು ಉತ್ತರ ಹೇಳುವ ಮೊದಲೇ ನೆಲಕ್ಕೆ ಕುಸಿದೆ. ನಿಮ್ಮ ವ್ಯವಸ್ಥೆಗೆ ಅರ್ಥವಾಗುವ ಭಾಷೆ ಅದೊಂದೇ ಇರಬೇಕು. ಆಮೇಲೆ ಎಲ್ಲವೂ ಓಡುತ್ತಲೇ ನಡೆಯಿತು. ಒಬ್ಬ ಕಿರಿಯ ವೈದ್ಯ ಸ್ಕ್ಯಾನ್ ಮಾಡಿದ. "ಹೊಟ್ಟೆಯಲ್ಲಿ ರಕ್ತವಿದೆ. ಭುಜ ನೋಯುವುದು ಅದರಿಂದಲೇ. ನಾಳ ಒಡೆದಿದೆ" ಎಂದ. ಆಪರೇಷನ್ ಕೋಣೆಗೆ ಒಯ್ಯುವಾಗ ಚಿರಂತನ ನನ್ನ ಪಾದ ಹಿಡಿದುಕೊಂಡು ಬಾಗಿಲವರೆಗೂ ಬಂದ.

ಬದುಕಿದೆ. ನಾಳ ಹೋಯಿತು.

ಮಾನ್ಯರೇ, ಎಲ್ಲರಿಗೂ ವಾರವಾರ ಸ್ಕ್ಯಾನ್ ಮಾಡಿ ಎಂದು ನಾನು ಕೇಳುತ್ತಿಲ್ಲ. ಅಂಕಿ ಇಳಿದು ಸುಮ್ಮನೆ ಗುಣವಾಗುವವರೇ ಹೆಚ್ಚು ಎಂದು ನಿಮ್ಮ ವೈದ್ಯರು ತಿಳಿಹೇಳಿದ್ದಾರೆ, ಒಪ್ಪಿದ್ದೇನೆ. ಆದರೆ ಅಂಕಿ ಇಳಿಯುತ್ತಿರುವಾಗಲೂ ನಾಳ ಒಡೆಯಬಹುದೆಂದು ಅದೇ ವೈದ್ಯರು ಆಪರೇಷನ್ ಆದ ಮೇಲೆ ಹೇಳಿದರು. ಗೊತ್ತಿದ್ದ ಸಂಗತಿ ಫೋನ್ ಎತ್ತುವವರ ತನಕ ಯಾಕೆ ಬರಲಿಲ್ಲ? ರಕ್ತದ ಪರೀಕ್ಷೆ ರಕ್ತದ ಸುದ್ದಿ ಹೇಳುತ್ತದೆ; ನಾಳದ ಸುದ್ದಿಯನ್ನು ಯಾರು ಹೇಳಬೇಕಿತ್ತು? ನಾನು ಹೇಳಿದೆನಲ್ಲ, ಎರಡು ಸಲ. ಡಚ್ ಭಾಷೆಯಲ್ಲೇ ಹೇಳಿದೆ, ಬೇಕೆಂದೇ. ಇಂಗ್ಲಿಷಿನಲ್ಲಿ ಹೇಳಿದರೆ ಗಾಬರಿಯ ವಿದೇಶಿ ಹೆಂಗಸು ಎಂದುಕೊಳ್ಳುತ್ತೀರೆಂದು. ನನ್ನ ವ್ಯಾಕರಣ ಚೆನ್ನಾಗಿದೆ ಎಂದು ನಿಮ್ಮವರು ಮೆಚ್ಚಿಕೊಂಡರು ಕೂಡ.

ಪರಿಹಾರ ಬೇಡ, ಕ್ಷಮಾಪಣೆಯೂ ಬೇಡ; ಅದನ್ನು ಓದುವ ತ್ರಾಣ ನನಗಿಲ್ಲ. ನಿಮ್ಮ ನಿಯಮಗಳಿಗೆ ಒಂದು ವಾಕ್ಯ ಸೇರಿಸಿ: ನಾಳದ ಗರ್ಭಕ್ಕೆ ಔಷಧ ಪಡೆಯುತ್ತಿರುವ ಹೆಂಗಸು ನೋವು ಹೆಚ್ಚಾಗಿದೆ ಎಂದರೆ, ಅಂಕಿ ಎಷ್ಟೇ ಇರಲಿ, ಅವಳನ್ನು ಅಂದೇ ಕರೆಸಿ ಸ್ಕ್ಯಾನ್ ಮಾಡಬೇಕು. ಆಮೇಲೆ ಬೇಕಿದ್ದರೆ ಪ್ಯಾರಾಸಿಟಮಾಲ್ ಕೊಟ್ಟು ಮನೆಗೆ ಕಳಿಸಿ, ಸಂತೋಷದಿಂದ ಹೋಗುತ್ತೇವೆ.

ನನಗೀಗ ಉಳಿದಿರುವುದು ಬಲಗಡೆಯ ನಾಳ. ಮತ್ತೆ ಹೀಗೇ ಆಗುವ ಸಂಭವ ಇದೆಯಂತೆ. ಆದರೂ ನಮಗೆ ಮಗು ಬೇಕು.

ಇಂತಿ,
ಬೇರೆ ಬಾಗಿಲು ಕಾಣದೆ ಮತ್ತೆ ನಿಮ್ಮಲ್ಲಿಗೇ ಬರಬೇಕಾದ
ನೀಲಾಂಬಿಕಾ
ಬೆಸ್ಟ್