ಕಲ್ಲಿನೊಳಗಿನ ಬಾಚಣಿಗೆ

ಮಾರ್ಚ್ 4
ಇವತ್ತೂ ಗುಹೆ. ಮಂಡಿ ನೋವು. ಪಕ್ಕದ ಕಲ್ಲುಕ್ವಾರಿಯ ನೀರೆತ್ತುವ ಪಂಪು ದಿನವಿಡೀ ಗುಂಯ್ ಅನ್ನುತ್ತದೆ — ತಲೆ ಚಿಟ್ಟು ಹಿಡಿಯಿತು. ಗೋಡೆಯ ಉದ್ದಕ್ಕೂ ಬಿಳಿ ಸುಣ್ಣದ ಅಂಚು, ಶೆಲ್ಫಿನ ಹಾಗೆ. ನಿಂತ ನೀರಿನ ಮಟ್ಟದಲ್ಲಷ್ಟೇ ಕಟ್ಟುವ ಕಲ್ಲು. ಅಂತರ್ಜಲ ಒಂದು ಕಾಲಕ್ಕೆ ಅಲ್ಲಿಯವರೆಗೆ ಇತ್ತು. ಈಗ ಒಣ ಮಣ್ಣು. ಅಳೆದೆ. ಆ ಅಂಚು ಕೆಳಗಿನ ಕಣಿವೆಯ ಹೊಸ ಲೇಔಟಿನ ನೆಲಕ್ಕಿಂತ ಆಳೆತ್ತರ ಮೇಲಿದೆ.

ಅಕ್ಕನ ಫೋನ್. ಅಲ್ಲೇ ಮನೆ ನೋಡಿದ್ದಾಳೆ. "ನೀರುಗೀರು ಬರಲ್ಲ ತಾನೆ?"
"ಗುಹೇಲಿರೋ ನೀರಿನ ಗೆರೆ ಹತ್ತು ಸಾವಿರ ವರ್ಷದ ಹಿಂದಿನದು ಕಣಕ್ಕ. ಧೈರ್ಯವಾಗಿ ತಗೋ." ಭೂವಿಜ್ಞಾನ ಇಲಾಖೆಯ ನಮ್ಮ ಚೀಫ್ ಹೇಳಿದ್ದನ್ನೇ ಒಪ್ಪಿಸಿದೆ.

ಏಪ್ರಿಲ್ 19
ಅಕ್ಕ ಹೊಸ ಮನೆಗೆ ಹೋದಳು. ಸಾಮಾನು ಹೊತ್ತು ಸೊಂಟ ಬಿತ್ತು. ಭಾವ ಪ್ರತಿ ನಲ್ಲಿಯನ್ನೂ ತಿರುಗಿಸಿ ತೋರಿಸಿದರು.

ಮೇ 7
ಲ್ಯಾಬ್ ರಿಪೋರ್ಟ್ ಬಂತು. ಅಂಚಿನ ಹೊರಪದರಕ್ಕೆ ನೂರು ವರ್ಷವೂ ಆಗಿಲ್ಲವಂತೆ. ಚೀಫ್: "ಸ್ಯಾಂಪಲ್ ಕೆಟ್ಟಿದೆ. ಇನ್ನೊಂದು ತನ್ನಿ." ಮತ್ತೆ ಗುಹೆ, ಮತ್ತೆ ಮಂಡಿ...

ಮೇ 9
ಅಂಚು ಕೊರೆದೆ. ಒಳಗೆ ಏನೋ ಕೆಂಪಗೆ. ಬಾಚಣಿಗೆ — ಪ್ಲಾಸ್ಟಿಕ್ಕಿನದು! ಅರ್ಧ ಹಲ್ಲು ಕಲ್ಲಿನಲ್ಲಿ. ಮೊದಲು ನಗು ಬಂತು. ಆಮೇಲೆ ಲೆಕ್ಕ ಹಾಕಿದೆ. ಪ್ಲಾಸ್ಟಿಕ್ ತೇಲುತ್ತದೆ. ಯಾರದೋ ಬಾಚಣಿಗೆ ತೇಲಿ ಬಂದು ಗೋಡೆಗೆ ತಾಗಿ ನಿಂತಿದೆ, ಸುತ್ತ ಸುಣ್ಣ ಕಟ್ಟಿದೆ. ಅಜ್ಜಿಯ ಕಾಲದಲ್ಲಿ ನೀರು ಇಲ್ಲೇ ಇತ್ತು. ಇಳಿಸಿದ್ದು ಕ್ವಾರಿಯ ಪಂಪು. ಆ ಕ್ವಾರಿ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಪಂಪೂ ಬಂದ್. ನೀರು ಮತ್ತೆ ಹಳೇ ಮಟ್ಟಕ್ಕೆ ಏರುತ್ತದೆ.

ಮೇ 10
ಅಕ್ಕನಿಗೆ ಹೇಳಿದೆ.
"ಧೈರ್ಯವಾಗಿ ತಗೋ ಅಂದವಳು ನೀನೇ. ಈಗ ಒಂದು ಬಾಚಣಿಗೆ ಹಿಡ್ಕೊಂಡು ಬಂದು ಮನೆ ಬಿಡು ಅಂತೀಯಾ?"
ಭಾವ ತಮ್ಮ ಬೋಳುತಲೆ ಸವರಿಕೊಂಡು, "ನಂಗಂತೂ ಅದು ಉಪಯೋಗಕ್ಕೆ ಬರಲ್ಲ" ಅಂದರು. ಯಾರೂ ನಗಲಿಲ್ಲ.
ಚೀಫ್‌ಗೂ ಹೇಳಿದೆ. "ನೋಡೋಣ" ಅಂದರು. ಅವರು ನೋಡೋಣ ಅಂದರೆ ಮುಗಿಯಿತು. ಸಾಕಾಗಿದೆ.

ಜೂನ್ 2
ಪಂಪು ನಿಂತಿದೆ. ಆ ಗುಂಯ್ ಸದ್ದು ಇಲ್ಲದೆ ಕೂತರೂ ನಿಂತರೂ ಸಮಾಧಾನವಿಲ್ಲ.

ಜೂನ್ 23, ಬೆಳಗ್ಗೆ 6
ಅಕ್ಕನ ಫೋನ್. ಸ್ಟೋರ್ ರೂಮು ಒದ್ದೆ. ಮಗ ನೀರು ಚೆಲ್ಲಿದ ಅಂತ ಬೈದಳಂತೆ, ಪಾಪ.
"ಒರೆಸ್ತಾನೇ ಇದೀನಿ ಕಣೇ. ಮತ್ತೆ ಬರ್ತಿದೆ." ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಸಾಮಾನೆಲ್ಲ ಮೇಲಕ್ಕೆ ಸಾಗಿಸು. ಬಂದೆ."
"ಎಲ್ಲೀವರೆಗೆ ಬರುತ್ತೆ?"
ಗೊತ್ತು. ನಾನೇ ಅಳೆದದ್ದು. ಹೇಗೆ ಹೇಳಲಿ — ಅವಳು ನೆಲದ ಮೇಲೆ ನಿಂತರೆ ಅವಳ ತಲೆ ಮುಳುಗುವವರೆಗೆ ಅಂತ?