ನಿನ್ನ ಪಾಲಿನ ಸಾರಿನ ಪುಡಿ

ಹರಿಪ್ರಿಯಾ,

ಬೆಂಗಳೂರಿನಿಂದ ಬಂದಿಳಿದವಳು ಅಭ್ಯಾಸಬಲದಿಂದ ಏರ್‌ಪೋರ್ಟಿನ ಹೊರಗೆ ಹೋಗಿ ನಿನ್ನ ಕಾರು ಹುಡುಕುತ್ತಾ ನಿಂತುಬಿಟ್ಟೆ. ನಾವು ಮಾತು ಬಿಟ್ಟಿದ್ದೇವೆ ಎನ್ನುವುದು ಆಮೇಲೆ ನೆನಪಾಯಿತು. ಸೂಟ್‌ಕೇಸು ಎಳೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೋ ರೈಲು ಹತ್ತಿದೆ. ಇಷ್ಟು ವರ್ಷ ಇಲ್ಲಿದ್ದೂ ಏರ್‌ಪೋರ್ಟಿನಿಂದ ರೈಲು ಹತ್ತಿದ್ದು ಇದೇ ಮೊದಲು. ನಿನ್ನ ಕಾರಿನಲ್ಲಾದರೆ ಮೊಸರನ್ನದ ಡಬ್ಬಿ ಇರುತ್ತಿತ್ತು.

ಎದುರಿಗೆ ಮಗಳ ಜೊತೆ ಕೂತಿದ್ದ ಮಂಡ್ಯದ ಹೆಂಗಸೊಬ್ಬರು ನನ್ನ ತೆರೆದ ಕೈಚೀಲದತ್ತ ಮೂಗರಳಿಸಿದರು.

"ಸಾರಿನ ಪುಡಿ ಘಮ್ಮಂತದೆ ಕಣವ್ವ. ಎಲ್ಡು ಪೊಟ್ಣ ಯಾಕೆ?"

"ಅಮ್ಮ ಮಾಡಿದ್ದು. ಒಂದು ನನ್ನ ಫ್ರೆಂಡಿಗೆ."

ಎಂದಿನಂತೆ ನಿನಗೆಂದು ಖಾರ ಕಮ್ಮಿ ಹಾಕಿ ಬೇರೆ ಕುಟ್ಟಿಸಿದ್ದಾಳೆ. ನಾವು ಮಾತು ಬಿಟ್ಟಿದ್ದನ್ನು ಅವಳಿಗೆ ನಾನಿನ್ನೂ ಹೇಳಿಲ್ಲ.

"ನಿನ್ನ ಕರ್ಕೊಂಡೋಗಕ್ಕೆ ಯಾರೂ ಬರ್ನಿಲ್ವಾ?"

"ಅವಳೇ ಬರ್ತಾಳೆ ಆಂಟಿ, ಸ್ಟೇಷನ್‌ಗೆ."

ಅಷ್ಟರಲ್ಲಿ ರೈಲು ಸುರಂಗ ಹೊಕ್ಕು ಕಿರುಚತೊಡಗಿತು. ಮುಂದೆ ಮಾತಾಡುವ ಕಷ್ಟ ತಪ್ಪಿತು. ಸುಸ್ತಾಗಿತ್ತು, ಕಣ್ಣು ಮುಚ್ಚಿಕೊಂಡೆ.

ನನ್ನ ಸ್ಟೇಷನ್ನಿನಲ್ಲಿ ಇಳಿದು ತಿರುಗಿ ನೋಡಿದರೆ, ಆಕೆ ಕಿಟಕಿಗೆ ಹಣೆ ಒತ್ತಿಕೊಂಡು ನಿನ್ನನ್ನು ಹುಡುಕುತ್ತಿದ್ದರು. ಅವರಿಗೆ ಸಮಾಧಾನವಾಗಲಿ ಎಂದು ಖಾಲಿ ಮೆಟ್ಟಿಲ ಕಡೆ ಕೈ ಬೀಸಿದೆ. ರೈಲು ಹೋದ ಮೇಲೂ ಕೈ ಇಳಿಸುವುದು ನೆನಪಾಗಲಿಲ್ಲ.

ಸಂಯುಕ್ತಾ