ನಕಲು ಅಂತ ಅಳಿಸಿದಿರಲ್ಲ

ಬೆನ್ನೂರು, ೨೨೪೭ನೇ ಇಸವಿ, ತಂಗಳುಪಕ್ಷದ ಒಂಬತ್ತನೇ ದಿನ

ಹಿಂದಿನ ಕಾಲದವರಿಗೆ ಕೆಂಪಾಜಮ್ಮ ಬರೆಯುವುದು. ಓದಿದ್ದು ನಾಲ್ಕನೇ ತರಗತಿ. ನನ್ನ ಮಾತು ನಿಮಗೆ ಅರ್ಧ ತಿಳಿಯದಿದ್ದರೆ ಕ್ಷಮಿಸಿ. ಮಿಕ್ಕಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನಿಮ್ಮನ್ನು ನೆನೆದರೆ ಹೇಸಿಗೆಯಾಗುತ್ತದೆ.

ಬೆನ್ನೂರು ಎಂದರೆ ಚಂದ್ರನ ಬೆನ್ನ ಮೇಲಿರುವ ನಮ್ಮ ಹಳ್ಳಿ. ಇಲ್ಲೊಂದು ಕಾವುಗಣ್ಣು ಇದೆ. ಅದು ಬೆಳಕನ್ನಲ್ಲ, ಶಾಖವನ್ನು ನೋಡುವ ದೂರದರ್ಶಕ. ಓದಿದವರು ಅವಕೆಂಪು ಅನ್ನುತ್ತಾರೆ. ಅದು ತೆರೆದಿರುವ ಹದಿನಾಲ್ಕು ದಿನ ಹಳ್ಳಿಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ, ಒಂದು ಲೋಟ ನೀರು ಕಾಯಿಸುವಂತಿಲ್ಲ. ನಮ್ಮ ಕಾವು ಅದರ ಕಣ್ಣಿಗೆ ಹೊಗೆಯಿದ್ದಂತೆ. ಅದೇ ತಂಗಳುಪಕ್ಷ. ಬಾಣಂತಿಗೂ ತಣ್ಣನೆಯ ಮುದ್ದೆಯೇ.

ಮೊಮ್ಮಗಳು ಹೊನ್ನಾಜಿ ಹದಿನಾರು ವರ್ಷದಿಂದ ಒಂದೇ ಗ್ಯಾಲಕ್ಸಿಯ ಹಿಂದೆ ಬಿದ್ದಿದ್ದಾಳೆ. ಮಾಮೂಲಿ ಬೆಳಕಿನಲ್ಲಿ ಅದು ಬರೀ ಮಸಿಬಟ್ಟೆ, ಅಷ್ಟು ದೂಳು ಮುಚ್ಚಿದೆ. ಕಾವುಗಣ್ಣಿಗೆ ಮಾತ್ರ ಧಗಧಗ. ಗೋಡೆ ಬಿಸಿಯಿದೆ ಸರಿ, ಒಳಗೆ ಅಡುಗೆಯಾಗುತ್ತಿದೆಯೋ ಮನೆ ಸುಡುತ್ತಿದೆಯೋ? ದೂಳಿನೊಳಗೆ ನಕ್ಷತ್ರಗಳು ಹುಟ್ಟುತ್ತಿವೆಯೋ, ಕಪ್ಪುಕುಳಿಯೊಂದು ಕೂತು ಮುಕ್ಕುತ್ತಿದೆಯೋ? ತಿಳಿಯಬೇಕಾದರೆ ಕ್ಷ-ಕಿರಣ, ಅತಿನೇರಳೆ, ಮಾಮೂಲಿ ಬೆಳಕು, ಅವಕೆಂಪು, ರೇಡಿಯೊ ಐದರಲ್ಲೂ ಅಳೆದು ನಿಮ್ಮ ಕಾಲದ ಅಳತೆಯ ಪಕ್ಕದಲ್ಲಿಡಬೇಕು. ಏರಿಳಿದಿದ್ದರೆ ಕಪ್ಪುಕುಳಿ, ಒಂದೇ ಸಮ ಇದ್ದರೆ ಹುಟ್ಟು.

ನೀವು ಐದು ಬಗೆಯಲ್ಲೂ ಅಳೆದಿದ್ದಿರಿ, ಪಟ್ಟಿಯಲ್ಲಿದೆ. ಹುಡುಕಿ ಹುಡುಕಿ ಮೊನ್ನೆ ಹೊನ್ನಾಜಿ ಆ ಅಳತೆಗಳ ಕಡತ ತೆರೆದಳು. ನಾಲ್ಕರ ಎದುರು ಒಂದೇ ಮಾತು: ನಕಲು, ಅಳಿಸಲಾಗಿದೆ.

"ಒಂದೇ ಗ್ಯಾಲಕ್ಸಿ ಐದು ಸಲ ಐತೆ ಅಂತ ನಾಕು ಒರೆಸ್‌ಬಿಟ್ಟವ್ರೆ ಕಣಜ್ಜಿ."

"ಉಳಿಸಿರೋದು ಯಾವ್ದೇ?"

"ಮಸಿಬಟ್ಟೆ."

ಥೂ! ಗಣಕದಲ್ಲಿ ಜಾಗ ಉಳಿಸಿದಿರಂತೆ. ನಾಡಿ ಹಿಡಿದಾಯಿತು, ಎದೆಬಡಿತ ಕೇಳುವುದು ಅದರ ನಕಲು ಎನ್ನುವ ವೈದ್ಯನ ಹತ್ತಿರ ನಾವು ನಾಯಿಯನ್ನೂ ಕರೆದೊಯ್ಯುವುದಿಲ್ಲ. ಉಳಿಸಿದ ಜಾಗದಲ್ಲಿ ಏನಿಟ್ಟಿರಿ? ನಿಮ್ಮ ಊಟದ ತಟ್ಟೆಯ ಫೋಟೊ! ಒಂದೇ ದೋಸೆಗೆ ಹನ್ನೊಂದು. ಅವು ಯಾರಿಗೂ ನಕಲು ಅನ್ನಿಸಲಿಲ್ಲ. ಇವತ್ತಿಗೂ ಹಬೆಯಾಡುತ್ತಿವೆ, ತಣ್ಣನೆಯ ಮುದ್ದೆ ಮುರಿಯುತ್ತಾ ನೋಡಿದೆ.

ಹೊನ್ನಾಜಿ ಮೊದಲಿನಿಂದ ಅಳೆಯಲು ಕೂತಿದ್ದಾಳೆ. ಏರಿಳಿತ ಖಾತ್ರಿಯಾಗಲು ಮೂವತ್ತು ವರ್ಷ ಬೇಕಂತೆ. ನನಗೀಗ ಎಂಬತ್ತಮೂರು. ಆ ಕಡತ ಇನ್ನೂ ನಿಮ್ಮ ಕೈಯಲ್ಲಿದ್ದರೆ ಒರೆಸುವ ಮುಂಚೆ ಐದನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ನಡೆಯುತ್ತಿರುವುದು ಹುಟ್ಟೋ ಸಾವೋ, ಅದೊಂದನ್ನು ತಿಳಿದುಕೊಂಡು ಹೋಗೋಣ ಅಂತಿದ್ದೆ.